ಅಮ್ಮ ಬಂದಳೆಂದು ಹೊಗೆ ಆರಿಸಿದೆ

ನಾನು ಓದಿದ್ದು ಮೂರನೇ ಕ್ಲಾಸು. ಬರೆದದ್ದನ್ನು ಮೊಮ್ಮಗಳೇ ತಿದ್ದಬೇಕು. ಬರೆಯುತ್ತಿರುವುದೂ ಅವಳ ವಿಷಯವೇ ಆದ್ದರಿಂದ, ಹೊಗಳಿದ ಕಡೆ ಮಾತ್ರ ಅಳಿಸಕೂಡದು ಎಂದು ಮೊದಲೇ ಹೇಳಿಬಿಟ್ಟಿದ್ದೇನೆ.

ಅವಳು ದನದ ಡಾಕ್ಟರಾಗಲು ಕಾಲೇಜು ಸೇರುತ್ತೇನೆಂದಾಗ ಮನೆಯಲ್ಲಿ ನಗದವರಿಲ್ಲ. "ಓದ್ದೇ ಇದ್ರೆ ದನ ಕಾಯ್ಬೇಕಾಗುತ್ತೆ ಅಂತ ಹೆದರ್ಸಿ ನಿಮ್ಮಪ್ಪನ್ನ ಓದಿಸ್ದೆ. ನೀನು ದನ ಕಾಯೋಕೇ ಓದ್ತೀಯೇನೇ?" ಎಂದು ನಾನೂ ಅಂದಿದ್ದೆ. ಆ ಮಾತು ನೆನೆದರೆ ಈಗ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಜರಗನಹಳ್ಳಿಯಲ್ಲಿ ನಾವು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಮ್ಮದೇ ಮೂರಂತಸ್ತಿನ ಕಟ್ಟಡ, ಮೇಲೆಲ್ಲ ಬಾಡಿಗೆಯವರು. ಹಿಂದಿನ ಶೀಟಿನ ಕೊಟ್ಟಿಗೆಯೊಂದನ್ನು ನಾನು ಬಿಟ್ಟುಕೊಟ್ಟಿಲ್ಲ. ಅಲ್ಲಿರುವುದು ನಮ್ಮ ಕೆಂಪು ಹಸು. ಅದರ ಅಜ್ಜಿಯ ಹಾಲೂ ಕರೆದವಳು ನಾನೇ.

ಹಸು ಏಳು ತಿಂಗಳ ಗಬ್ಬವಿದ್ದಾಗ ಒಂದು ಬೆಳಗ್ಗೆ ಹಿಂಡಿಯನ್ನು ಮೂಸಿಯೂ ನೋಡಲಿಲ್ಲ. ಮೈ ಕಾದ ಹೆಂಚಿನಂತಿತ್ತು. ಕತ್ತಿನ ಮೇಲೆ, ಪಕ್ಕೆಯ ಮೇಲೆ ಗೋಲಿಯಷ್ಟು ಗಾತ್ರದ ಗಂಟುಗಳು. ಕೈಯಾಡಿಸಿದವಳೇ ಕೆನ್ನೆ ಕೆನ್ನೆ ಬಡಿದುಕೊಂಡೆ. ಅಮ್ಮ ಬಂದಿದ್ದಾಳೆ!

ಮಕ್ಕಳಿಗೆ ಮೈಮೇಲೆ ಗುಳ್ಳೆ ಎದ್ದರೆ ನಮ್ಮಲ್ಲಿ ಹಾಗೆಯೇ ಅನ್ನುವುದು. ಅಮ್ಮ ಇರುವಷ್ಟು ದಿನ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಹೊಗೆ ಎಬ್ಬಿಸುವಂತಿಲ್ಲ. ಘಾಟು ಅವಳಿಗೆ ಆಗದು. ಸೂಜಿ ಚುಚ್ಚಿಸಿದರೆ ಮುನಿಯುತ್ತಾಳೆ. ಹಸುವಿಗೂ ಅದೇ ನೇಮ ಹಿಡಿದೆ. ಕೊಟ್ಟಿಗೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಅರಿಶಿನದ ನೀರು ಚಿಮುಕಿಸಿದೆ. ದಿನಾ ಸಂಜೆ ಬೆರಣಿ, ಒಣಸೊಪ್ಪು ಹಾಕಿ ನೊಣ ಸೊಳ್ಳೆಗೆಂದು ಎಬ್ಬಿಸುತ್ತಿದ್ದ ಹೊಗೆಯನ್ನು ನಿಲ್ಲಿಸಿಬಿಟ್ಟೆ.

ಮೊದಲನೇ ಮಹಡಿಯ ಬಾಡಿಗೆಯ ಹುಡುಗಿಗೆ ಖುಷಿಯೋ ಖುಷಿ. "ಹೊಗೆ ನಿಲ್ಸಿದ್ದು ಒಳ್ಳೇದಾಯ್ತು ಅಜ್ಜಿ. ಆಫೀಸಲ್ಲಿ ಎಲ್ರೂ ನನ್ನ ಡ್ರೆಸ್ ಮೂಸಿ, ಏನು ಹಳ್ಳಿಗೆ ಹೋಗಿದ್ಯಾ ಅಂತಿದ್ರು."

ಮೊಮ್ಮಗಳು ಹಾಸ್ಟೆಲಿನಲ್ಲಿದ್ದಳು. ಪರೀಕ್ಷೆ ಹತ್ತಿರ, ಫೋನಿನಲ್ಲಿ ಹೇಳಬೇಡ ಎಂದು ಮಗನಿಗೆ ತಾಕೀತು ಮಾಡಿದ್ದೆ. ಒಂದು ವಾರವಾಯಿತು. ಎರಡು ಗಂಟು ಒಡೆದವು. ಅವುಗಳ ಮೇಲೆ ನೊಣ ಕಪ್ಪಗೆ ಕೂತಿರುತ್ತಿತ್ತು. ಎಂಟನೇ ದಿನ ನೋಡಿದರೆ ಗಾಯದಲ್ಲಿ ಹುಳು ಮಿಜಿಗುಡುತ್ತಿವೆ. ಹಸು ಎದ್ದು ನಿಲ್ಲಲಿಲ್ಲ.

ಅವತ್ತೇ ಮೊಮ್ಮಗಳು ಪರೀಕ್ಷೆ ಮುಗಿಸಿ ಬಂದಳು. ಬ್ಯಾಗು ಹೆಗಲಲ್ಲಿದ್ದ ಹಾಗೇ ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

"ಎಷ್ಟು ದಿನ ಆಯ್ತಜ್ಜಿ?"

"ವಾರದ ಮೇಲಾಯ್ತು ಪುಟ್ಟಿ. ಅಮ್ಮ ಬಂದಿದ್ದಾಳೆ."

"ಇದು ಚರ್ಮಗಂಟು ರೋಗ. ನೊಣ, ಸೊಳ್ಳೆ, ಉಣ್ಣೆ ಕಚ್ಚಿ ಒಂದು ದನದಿಂದ ಇನ್ನೊಂದಕ್ಕೆ ಹರಡುತ್ತೆ. ಹೊಗೆ ಯಾಕ್ ಹಾಕಿಲ್ಲ?"

"ಅಮ್ಮ ಇರೋವಾಗ ಹೊಗೆ ಹಾಕ್ತಾರೇನೇ?"

ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿಲ್ಲ. ನಾನೇ ತಡೆಯಲಾರದೆ ಕೇಳಿದೆ, "ಹೊಟ್ಟೇಲಿರೋದು?"

"ಜ್ವರ ಇಳೀದೇ ಇದ್ರೆ ಕಂದು ಹಾಕ್ಬಿಡ್ಬಹುದು ಅಜ್ಜಿ."

ಕಂದು ಹಾಕುವುದೆಂದರೆ ದಿನ ತುಂಬುವ ಮೊದಲೇ ಕರು ಹೋಗುವುದು. ನೊಣಗಳಿಗೆ ಏಳು ದಿನ ಬಾಗಿಲು ತೆರೆದಿಟ್ಟವಳು ನಾನೇ ಅಲ್ಲವೇ?

ಅವಳು ನನ್ನ ಕೈ ಹಿಡಿದುಕೊಂಡಳು. "ಬೇವಿನ ಸೊಪ್ಪಿಂದೇ ಹೊಗೆ ಹಾಕೋಣ. ಬೇವು ಅಮ್ಮಂದೇ ತಾನೇ? ಅವಳ ಸೊಪ್ಪು ಅವಳಿಗೇ ಘಾಟಾಗುತ್ತಾ?"

"ಸೂಜಿ?"

"ಸೂಜಿ ಹಾಕೋವಷ್ಟು ನನ್ನ ಓದಾಗಿಲ್ಲ. ಸರ್ಕಾರಿ ದನದಾಸ್ಪತ್ರೆ ಡಾಕ್ಟ್ರು ಹಾಕ್ತಾರೆ. ಅವರನ್ನ ನಾನು ಕರೀತೀನಿ. ಅಮ್ಮನ್ನ ನೀನು ಒಪ್ಸು."

ಎಷ್ಟು ಚೆನ್ನಾಗಿ ಕೆಲಸ ಹಂಚಿದಳು ನೋಡಿ! ಬಾಗಿಲ ಬೇವಿನ ಮುಂದೆ ಕರ್ಪೂರ ಹಚ್ಚಿ ಕೇಳಿಕೊಂಡೆ. "ತಾಯೀ, ಮುನಿಸ್ಕೊಳೋದಾದ್ರೆ ನನ್ ಮೇಲೆ ಮುನಿಸ್ಕೋ. ಹೊಟ್ಟೇಲಿರೋದಕ್ಕೆ ಏನೂ ಗೊತ್ತಿಲ್ಲ. ಕರು ಇಳಿಯೋವರ್ಗೂ ಈ ಮನೇಲಿ ಒಗ್ಗರಣೆ ಹಾಕಲ್ಲ."

ಡಾಕ್ಟರು ಬಂದು ಸೂಜಿ ಹಾಕಿದರು. ಈ ರೋಗಕ್ಕೆಂದೇ ಮದ್ದಿಲ್ಲವಂತೆ. ಜ್ವರ ಇಳಿಸಿ, ಗಾಯ ಕೆಡದಂತೆ ನೋಡಿಕೊಳ್ಳುವುದಷ್ಟೇ, ಉಳಿದದ್ದನ್ನು ಮೈಯೇ ಗೆಲ್ಲಬೇಕಂತೆ. ಲಸಿಕೆ ಮೊದಲೇ ಹಾಕಿಸಬೇಕಿತ್ತು ಎಂದರು. ತಲೆ ತಗ್ಗಿಸಿದೆ. ಮೊಮ್ಮಗಳು ಚಿಮುಟದಲ್ಲಿ ಒಂದೊಂದೇ ಹುಳು ಹೆಕ್ಕಿ ತೆಗೆದಳು. ಚಿಕ್ಕವಳಿದ್ದಾಗ ನುಗ್ಗೆ ಮರದ ಕಂಬಳಿಹುಳು ಕಂಡು ಬೀದಿ ತುಂಬ ಕಿರುಚಿದ್ದವಳು! ನಾನು ರಾಗಿ ಗಂಜಿಗೆ ಬೆಲ್ಲ ಕದಡಿ ಹಸುವಿನ ಬಾಯಿಯ ಹತ್ತಿರ ಹಿಡಿದೆ. ಸುಮ್ಮನೆ ನನ್ನನ್ನು ನೋಡಿತು. ಆಮೇಲೆ ನೆಕ್ಕಿತು.

ಬಲಪಕ್ಕೆಯ ಕೆಳಗೆ ಆಗಾಗ ಅಂಗೈ ಇಟ್ಟು ಕಾಯುತ್ತಿದ್ದೆ. ಎರಡು ದಿನ ಏನೂ ಇಲ್ಲ. ಮೂರನೇ ದಿನ ಒಳಗಿನಿಂದ ಗೊರಸು ಅಂಗೈಗೆ ಗುದ್ದಿತು. "ಒದೀತು ಕಣೇ!" ಎಂದು ನಾನು ಕೂಗಿದ್ದು ಬೀದಿಗೆಲ್ಲ ಕೇಳಿಸಿತಂತೆ.

ಬೇವಿನ ಹೊಗೆ ಎದ್ದ ಮೊದಲ ಸಂಜೆಯೇ ಮಹಡಿಯ ಹುಡುಗಿ ಇಣುಕಿ, "ಮತ್ತೆ ಹೊಗೆನಾ ಅಜ್ಜಿ?" ಎಂದಳು. ವಿಷಯ ಕೇಳಿದ ಮೇಲೆ ಒಣಗಲು ಹಾಕಿದ್ದ ಬಟ್ಟೆಯನ್ನು ತಾನೇ ಒಳಗೆ ಹಾಕಿಕೊಂಡಳು. "ಹಾಕಿ ಅಜ್ಜಿ. ಆಫೀಸಿನವರು ಮೂಸಿದ್ರೆ ಮೂಸ್ಲಿ."

ಎರಡು ತಿಂಗಳು ಮಗ ಒಗ್ಗರಣೆಯಿಲ್ಲದ ಸಾರು ಉಂಡ. "ಹಸೂಗೆ ಕಾಯಿಲೆ, ಪಥ್ಯ ನಂಗೆ," ಎಂದು ದಿನಾ ಗೊಣಗುತ್ತಲೇ ಎರಡು ಸಲ ಬಡಿಸಿಕೊಳ್ಳುತ್ತಿದ್ದ.

ಭಾನುವಾರ ಮಧ್ಯಾಹ್ನ ಹಸು ಈಯಿತು. ಮೊಮ್ಮಗಳು ಮೊಣಕೈವರೆಗೂ ಒದ್ದೆಯಾಗಿ ಕೂಗಿದಳು, "ಹೆಣ್ಣುಗರು ಅಜ್ಜಿ!" ಕೆಂಪು ಕರು ಎದ್ದಿತು, ಬಿದ್ದಿತು, ಮತ್ತೆ ಎದ್ದು ಕೆಚ್ಚಲು ಹುಡುಕಿಕೊಂಡಿತು. ತಾಯಿಯ ಮೈಮೇಲೆ ಗಂಟಿನ ಕಲೆಗಳಷ್ಟೇ ಉಳಿದಿದ್ದವು. ಕರುವಿನ ಮೈ ರೇಷ್ಮೆ.

ನಾನು ಸೀದಾ ಅಡುಗೆಮನೆಗೆ ಹೋಗಿ ಎಣ್ಣೆ ಕಾಯಿಸಿ ಸಾಸಿವೆ ಹಾಕಿದೆ. ಚಟಪಟ ಅಂದಿದ್ದೇ ತಡ, ಮಗ ನಡುಮನೆಯಿಂದ ಕೂಗಿದ, "ಏನವ್ವ, ಅಮ್ಮ ಹೋದ್ಳಾ?"

"ಹೋದ್ಳು ಕಣೋ, ಒಂದು ಹೆಣ್ಣುಮಗೂನ ನಮ್ ಹತ್ರ ಬಿಟ್ಟು ಹೋದ್ಳು. ಮೊದ್ಲು ನಿನ್ ಮಗಳಿಗೆ ಕೈ ತೊಳ್ಯೋಕೆ ಬಿಸಿನೀರು ಕೊಡು. ಬೆಳಗ್ಗಿಂದ ಏನೂ ತಿಂದಿಲ್ಲ ನನ್ ಡಾಕ್ಟ್ರಮ್ಮ."