ಹತ್ತು ಲೀಟರಿನ ನಿಯಮ

ಮೊನ್ನೆ ಮೊಮ್ಮಗಳ ನೆತ್ತಿಗೆ ಇಡಲೆಂದು ಬೆಚ್ಚಗೆ ಮಾಡುತ್ತಿದ್ದ ಹರಳೆಣ್ಣೆ ಒಲೆಯ ಮೇಲೆ ಸೀದುಹೋಯಿತು. ಆ ವಾಸನೆಗೆ ಗಾಡಿ ರಿಪೇರಿಯ ಮೇಸ್ತ್ರಿ ನೆನಪಾದರು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಅವರು ನೆನಪಾಗಲು ನನಗೆ ವಾಸನೆ ಬೇಕಿಲ್ಲ. ಅವರ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗೊಂದು ನನ್ನ ಮೇಜಿನ ಡ್ರಾಯರಿನಲ್ಲೇ ಇದೆ.

ಎಪ್ಪತ್ತರ ದಶಕ. ತುಮಕೂರಿನಲ್ಲಿ ನಮ್ಮದೊಂದು ಮೋಟಾರ್ ಸೈಕಲ್ ಕ್ಲಬ್ಬು. ವರ್ಷಕ್ಕೊಂದು ದೂರದ ಓಟ: ತುಮಕೂರಿನಿಂದ ಕುಣಿಗಲ್, ಸಿ.ಎಸ್. ಪುರ, ಗುಬ್ಬಿ, ಮತ್ತೆ ತುಮಕೂರು; ಹೀಗೆ ಮೂರು ಸುತ್ತು. ನಾನು ಕಾರ್ಯದರ್ಶಿ. ನಿಯಮಗಳನ್ನು ಟೈಪ್ ಮಾಡುತ್ತಿದ್ದವನೂ ನಾನೇ. ಎಂಜಿನ್ನಿನ ಗಾತ್ರಕ್ಕೆ ಮಾತ್ರ ಮಿತಿಯಿದ್ದಷ್ಟು ಕಾಲ ಗೆದ್ದದ್ದು ಮೇಸ್ತ್ರಿಯವರ ಟೂ ಸ್ಟ್ರೋಕ್. ಓಡಿಸುತ್ತಿದ್ದವನು ಅವರ ಹೆಂಡತಿಯ ತಮ್ಮ. ಎಂಜಿನ್ ಸವೆಯದಂತೆ ಪೆಟ್ರೋಲಿಗೇ ಹರಳೆಣ್ಣೆ ಬೆರೆಸುತ್ತಿದ್ದರು. ಗಾಡಿ ಹೋದ ಮೇಲೂ ಆ ನೀಲಿ ಹೊಗೆ ರಸ್ತೆಯ ಮೇಲೇ ನಿಂತಿರುತ್ತಿತ್ತು…

ಆಮೇಲೆ ಪೆಟ್ರೋಲ್ ದುಬಾರಿಯಾಯಿತು. ಜನ ಬಂಕಿನ ಮುಂದೆ ಸಾಲು ನಿಂತಿರುವಾಗ ಇವರಿಗೆ ಓಟ ಬೇರೆ ಕೇಡು ಎಂದು ಊರಿನಲ್ಲಿ ಮಾತೆದ್ದಿತು. ಓಟ ಉಳಿಯಬೇಕಿತ್ತು. ಸಮಿತಿ ಒಂದು ಸಾಲು ಸೇರಿಸಿತು: ಮೂರು ಸುತ್ತಿಗೆ ಗಾಡಿಗೆ ಹತ್ತೇ ಲೀಟರ್, ಟ್ಯಾಂಕಿಗೂ ಕಾರ್ಬುರೇಟರಿಗೂ ಅರಗಿನ ಮುದ್ರೆ, ಮುದ್ರೆ ಒಡೆದವರು ಓಟದಿಂದ ಹೊರಗೆ. ಯಾರ ಮೇಲೂ ಹಗೆಯಿಲ್ಲದ ಸಾಲು. ಆ ವರ್ಷ ಟೂ ಸ್ಟ್ರೋಕಿನವರೆಲ್ಲ ಒಬ್ಬೊಬ್ಬರಾಗಿ ಹಿಂದೆ ಸರಿದರು. ಕಡಿಮೆ ಕುಡಿಯುವ ಫೋರ್ ಸ್ಟ್ರೋಕುಗಳು ಬಂದು ತುಂಬಿಕೊಂಡವು. ಮೇಸ್ತ್ರಿ ಮಾತ್ರ ಹೆಸರು ಕೊಟ್ಟರು.

"ಅಲ್ಲ ಮೇಸ್ತ್ರಿ, ನಿಮ್ಮ ಗಾಡಿ ಕೊನೇ ಸುತ್ತಿಗೆ ಒಣಗೋಗಲ್ವಾ?" ಎಂದೆ.

"ಕಾರ್ಬುರೇಟರಲ್ಲಿ ಪೆಟ್ರೋಲ್ ಕುಡಿಯೋ ತೂತನ್ನೇ, ಆ ಜೆಟ್ಟನ್ನೇ, ಸಣ್ಣ ಮಾಡಿವ್ನಿ ಸಾರ್. ಆದ್ರೆ ಇದಕ್ಕೆ ಕೂಳೂ ಎಣ್ಣೇನೂ ಒಂದೇ ಬಾಯಲ್ಲಿ. ಕೂಳು ಕಮ್ಮಿ ಮಾಡಿದ್ರೆ ಎಣ್ಣೇನೂ ಕಮ್ಮಿ."

ಎಣ್ಣೆ ಕಮ್ಮಿಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಓಡುತ್ತಿರುವ ಗಾಡಿಯ ಹಿಂದಿನ ಚಕ್ರ ತಿರುಗದೆ ಕಲ್ಲಾಗುತ್ತದೆ. ಅದು ನನಗೂ ಗೊತ್ತಿತ್ತು.

ಕುಣಿಗಲ್ ಕೆರೆ ಏರಿಯ ಮೇಲೆ ಮುದ್ರೆ ನೋಡುವ ನನ್ನ ಮೇಜು. ಬಸ್ಸಿನಲ್ಲಿ ಬಂದಿದ್ದ ಮೇಸ್ತ್ರಿ ಪಕ್ಕದಲ್ಲಿ ಕೂತಿದ್ದರು. ಎರಡನೇ ಸುತ್ತಿನಲ್ಲಿ ಗಾಡಿ ಕಾಣುವ ಮೊದಲೇ ಅದರ ಸದ್ದು ಬಂತು. ಎಂದಿಗಿಂತ ತೆಳ್ಳಗೆ, ಎಂದಿಗಿಂತ ಇಂಪಾಗಿ. ಮೇಸ್ತ್ರಿ ಎದ್ದು ನಿಂತರು. ಸುಡು ಬಿಸಿಲಿತ್ತು ಎಂದು ನನ್ನ ನೆನಪು. ಇದ್ದಿರಲಾರದು… ಆ ದಿನದ ಫೋಟೋದಲ್ಲಿ ಯಾರಿಗೂ ನೆರಳಿಲ್ಲ.

ಮುದ್ರೆ ತೋರಿಸಲು ಗಾಡಿ ನಿಂತೊಡನೆ ಅವರು ಪ್ಲಗ್ ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು. ಎಂಜಿನ್ ಸರಿಯಿದ್ದರೆ ಪ್ಲಗ್ಗಿನ ತುದಿಯ ಪಿಂಗಾಣಿ ಕಾಫಿ ಬಣ್ಣಕ್ಕಿರುತ್ತದೆ. ಇದು ಸುಣ್ಣದ ಹಾಗೆ ಬೆಳ್ಳಗಿತ್ತು.

"ಒಳಗೆ ಬೇಯ್ತಾ ಅದೆ ಸಾರ್. ಅರಗು ಒಡೆಯಕ್ ಬುಡಿ. ದೊಡ್ಡ ತೂತಿನ ಹಳೇ ಜೆಟ್ ಜೋಬಲ್ಲೇ ಅದೆ, ಹಾಕ್ಬುಡ್ತೀನಿ. ಪೆಟ್ರೋಲ್ ಮುಗ್ದು ನಿಂತ್ರೆ ನಿಂತ್ಕಳ್ಳಿ."

"ಒಡೆದ್ರೆ ಇಲ್ಲೇ ಔಟು ಮೇಸ್ತ್ರಿ. ರೂಲು ಗೊತ್ತಲ್ಲ ನಿಮ್ಗೆ."

ಬಾಮೈದ ನಕ್ಕ. "ಬುಡು ಭಾವ, ಮುಂದೆ ಇರೋರು ಇಬ್ರೇ. ಹೆಣ್ಣು ನೋಡಕ್ ಬಂದೋರಂಗೆ ಪ್ಲಗ್ ನೋಡ್ಕಂಡ್ ನಿಂತಿದ್ದೀಯಲ್ಲ!"

"ಏನ್ಲಾ, ನಗ್ತೀಯಾ? ಸಾಯ್ತೀಯ ಕಣೋ."

ಮೇಸ್ತ್ರಿ ನನ್ನ ಮುಖ ನೋಡಿದರು. ನಾನು ಗಡಿಯಾರ ನೋಡಿದೆ. ಆ ದಿನದ ನೆನಪೆಲ್ಲ ಅಲುಗಾಡುತ್ತದೆ, ಇದೊಂದು ಅಲುಗುವುದಿಲ್ಲ. ಅವರು ಹೊಸ ಪ್ಲಗ್ ಹಾಕಿದರು. ಗಾಡಿ ಹೋಯಿತು. ಹಳೆಯದು ಮೇಜಿನ ಮೇಲೇ ಉಳಿಯಿತು.

ಸಿ.ಎಸ್. ಪುರ ದಾಟಿದ ಮೇಲಿನ ಇಳಿಜಾರಿನಲ್ಲಿ ಚಕ್ರ ಕಲ್ಲಾಯಿತು. ಗುಬ್ಬಿಗೆ ಒಯ್ಯುವಷ್ಟರಲ್ಲಿ ಅವನಲ್ಲಿ ಉಸಿರಿರಲಿಲ್ಲ.

ಮರುವರ್ಷ ಬಂಕಿನ ಮುಂದಿನ ಸಾಲು ಕರಗಿತು. ಸಮಿತಿ ಹತ್ತನ್ನು ಹದಿಮೂರು ಮಾಡಿತು. ಅದನ್ನೂ ನಾನೇ ಟೈಪ್ ಮಾಡಿದೆ. ಟೂ ಸ್ಟ್ರೋಕುಗಳು ಏನೂ ಆಗಿಲ್ಲವೆಂಬಂತೆ ವಾಪಸ್ ಬಂದವು. ಬೇರೆಯವರಿಂದ ಕೇಳುವುದು ಬೇಡವೆಂದು ನಾನೇ ಮೇಸ್ತ್ರಿಯ ಶೆಡ್ಡಿಗೆ ಹೋದೆ. ಅವರು ಯಾರದೋ ಪಂಪ್‌ಸೆಟ್ ಬಿಚ್ಚುತ್ತಿದ್ದರು. ತಲೆಯೆತ್ತಲಿಲ್ಲ.

"ಈಗ ಎಷ್ಟು ಸಾರ್?"

"ಹದಿಮೂರು."

ಅವರು ಸ್ಪ್ಯಾನರನ್ನು ಮುಂದಿನ ನಟ್ಟಿಗೆ ಹಾಕಿದರು.

"ಹನ್ನೊಂದ್ ಇದ್ದಿದ್ರೆ ಸಾಕಿತ್ತು," ಎಂದರು.

ಅವರೂ ತೀರಿಕೊಂಡು ಬಹಳ ವರ್ಷಗಳಾದವು. ಮೊನ್ನೆ ಸೀದ ಎಣ್ಣೆಯ ಪಾತ್ರೆಯನ್ನು ಹೊರಗಿಟ್ಟು ಬಂದು ಡ್ರಾಯರ್ ತೆಗೆದೆ. ಪ್ಲಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಇಷ್ಟು ವರ್ಷದ ಧೂಳು, ಮತ್ತೆ ಮತ್ತೆ ಮುಟ್ಟಿದ ನನ್ನದೇ ಬೆರಳುಗಳ ಜಿಡ್ಡು ಹತ್ತಿ ಆ ಬಿಳಿ ಪಿಂಗಾಣಿ ನಿಧಾನವಾಗಿ ಕಾಫಿ ಬಣ್ಣಕ್ಕೆ ತಿರುಗಿದೆ. ಈಗ ಯಾವ ಮೆಕ್ಯಾನಿಕ್ಕಿಗೆ ತೋರಿಸಿದರೂ, ಆ ಎಂಜಿನ್ ಸರಿಯಾಗಿಯೇ ಇತ್ತು ಎನ್ನುತ್ತಾನೆ.