ಅರಿಶಿನ ಕುಂಕುಮ ಹಚ್ಚಿದ ತಂತಿಗಳು

ಯಲಹಂಕದ ಶಾಲೆಯಲ್ಲಿ ಹತ್ತು ವರ್ಷ ವಿದ್ಯುತ್ತಿನ ಪಾಠ ಮಾಡಿದ ಮೇಷ್ಟ್ರಿಗೆ ವಿದ್ಯುತ್ತಿನ ಬಗ್ಗೆ ಏನೂ ಗೊತ್ತಿಲ್ಲ ಎಂಬುದು ಊರಿಗೆಲ್ಲ ಬಯಲಾದದ್ದು ಐವತ್ತರ ದಶಕದ ಕೊನೆಯಲ್ಲಿ, ನಮ್ಮ ವ್ಯಾನಿನ ದೆಸೆಯಿಂದ. ಆ ಮೇಷ್ಟ್ರು ನಾನೇ.

ಅದು ಯುದ್ಧಕಾಲದ ಮಿಲಿಟರಿ ಆಂಬುಲೆನ್ಸು. ಹರಾಜಿನಲ್ಲಿ ಕೊಂಡಿದ್ದೆ. ಒಳಗೆ ಮಲಗಲು ಎರಡು ಹಲಗೆ, ಸೀಮೆಎಣ್ಣೆ ಸ್ಟೌ, ನೀರಿನ ಡಬ್ಬ. ಬೀದಿಯವರು ಅದನ್ನು ‘ಓಡೋ ಮನೆ’ ಎನ್ನುತ್ತಿದ್ದರು, ಓಡಿದ್ದನ್ನು ಯಾರೂ ಅಷ್ಟಾಗಿ ಕಂಡಿರದಿದ್ದರೂ. ಕೊಂಡದ್ದು ಅಮ್ಮನಿಗಾಗಿ. ಸೊಂಟನೋವಿನಿಂದ ಅವಳಿಗೆ ಬಸ್ಸಿನಲ್ಲಿ ಕೂರಲಾಗುತ್ತಿರಲಿಲ್ಲ. ಗೌರಿಬಿದನೂರಿನಲ್ಲಿ ಅವಳ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಹಾಸಿಗೆ ಹಿಡಿದಿದ್ದಳು. ವ್ಯಾನಿನಲ್ಲಿ ಮಲಗಿಕೊಂಡಾದರೂ ಹೋಗಿ ಅಕ್ಕನನ್ನು ನೋಡಬೇಕೆಂದು ಅಮ್ಮನಿಗೆ ಆಸೆ.

ಹೋಗಿಬಿಡಬಹುದಿತ್ತು. ಆದರೆ ಒಳಗಿದ್ದ ಒಂದೇ ದೀಪ ಮಿಣುಕುಹುಳದಷ್ಟು ಬೆಳಗುತ್ತಿತ್ತು. ವಿಜ್ಞಾನದ ಮೇಷ್ಟ್ರ ವ್ಯಾನಿನಲ್ಲಿ ಇಂಥ ದೀಪವೇ? ಆರು ವೋಲ್ಟಿನ ಬ್ಯಾಟರಿ ತೆಗೆದು ಹನ್ನೆರಡರದ್ದು ಹಾಕುವುದು, ಎರಡು ಹೊಸ ದೀಪ, ಅಮ್ಮನ ತಲೆಯ ಹತ್ತಿರ ಒಂದು ಫ್ಯಾನು ಎಂದು ನನ್ನ ಯೋಜನೆ ಬೆಳೆಯಿತು.

ಯಶವಂತಪುರದ ಬ್ಯಾಟರಿ ಅಂಗಡಿಯ ಸಾಬರು ಒಂದೇ ಮಾತು ಹೇಳಿದರು: “ಮೇಷ್ಟ್ರೇ, ಯಾವ ತಂತಿ ಎಲ್ಲಿಗ್ ಹೋಗುತ್ತೆ ಅಂತ ಮೊದ್ಲು ಕಾಗದದ ಮೇಲೆ ಬರ್ಕೊಳ್ಳಿ. ಆಮೇಲೆ ಬಿಚ್ಚಿ.”

ನನಗೆ ಕಾಗದವೇ? ತಂತಿಗಳೆಲ್ಲ ಒಂದೇ ಕಪ್ಪು. ನಾನು ದೇವರ ಮನೆಯಿಂದ ಬಟ್ಟಲು ತಂದು, ಬ್ಯಾಟರಿಯ ತಂತಿಗೆ ಕುಂಕುಮ, ದೀಪದ್ದಕ್ಕೆ ಅರಿಶಿನ, ಹಾರನ್ನಿನದಕ್ಕೆ ವಿಭೂತಿ ಹಚ್ಚಿ ಬಿಚ್ಚಿಟ್ಟೆ. ಬುದ್ಧಿವಂತಿಕೆಗೆ ನಾನೇ ಬೀಗಿದೆ.

ಮರುದಿನ ಆಯುಧಪೂಜೆ. ನಾನು ಶಾಲೆಯ ಪೂಜೆ ಮುಗಿಸಿ ಬರುವಷ್ಟರಲ್ಲಿ ಅಮ್ಮ ಸೊಂಟ ಹಿಡಿದುಕೊಂಡೇ ವ್ಯಾನಿಗೆ ಪೂಜೆ ಮಾಡಿದ್ದಳು. ಬಿಚ್ಚಿಟ್ಟ ಪ್ರತಿ ತಂತಿಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ, ಅರಿಶಿನ, ಕುಂಕುಮ ಮೂರನ್ನೂ ಹಚ್ಚಿ, ಮೇಲೊಂದು ಸೇವಂತಿಗೆ ಇಟ್ಟಿದ್ದಳು. “ಒಂದನ್ನೂ ಬಿಟ್ಟಿಲ್ಲ ಕಣೋ” ಎಂದಳು. ನಾನು ಕೈಮುಗಿದು ಮಂಗಳಾರತಿ ತೆಗೆದುಕೊಂಡೆ.

ಆಮೇಲೆ ಜೋಡಿಸಿದ್ದೆಲ್ಲ ಅಂದಾಜಿನ ಮೇಲೆ. ಹಾರನ್ ಒತ್ತಿದರೆ ದೀಪ ಹತ್ತಿತು. ದೀಪ ಹಾಕಿದರೆ ಹಾರನ್ ಕೂಗಿತು. ಫ್ಯಾನಿನ ಸ್ವಿಚ್ಚು ಒತ್ತಿದಾಗ ಹೊಗೆ ಬಂತು, ಬೀದಿಯವರು ಬಿಂದಿಗೆ ಹಿಡಿದು ಬಂದರು. ನನ್ನ ಶಿಷ್ಯರ ಅಪ್ಪಂದಿರೂ ಆ ಗುಂಪಿನಲ್ಲಿದ್ದರು. ಸಾಬರನ್ನು ಕರೆಯಬಹುದಿತ್ತು, ಆದರೆ ಯಾವ ಮುಖ ಇಟ್ಟುಕೊಂಡು ಕರೆಯಲಿ? ಮತ್ತೆ ಬಿಚ್ಚಿದೆ, ಮತ್ತೆ ಕಟ್ಟಿದೆ. ದೊಡ್ಡಮ್ಮನ ಸೊಸೆಯಿಂದ ಎರಡು ಕಾರ್ಡು ಬಂದವು, ಬೇಗ ಬನ್ನಿ ಎಂದು. “ಫ್ಯಾನೊಂದು ತಿರುಗ್ಲಿ, ಹೊರಟುಬಿಡೋಣ” ಎನ್ನುತ್ತಾ ಮೂರು ಭಾನುವಾರ ಕಳೆದೆ.

ನಾಲ್ಕನೆಯ ಭಾನುವಾರ ಬೆಳಿಗ್ಗೆ ಅಮ್ಮ ಬಟ್ಟೆಗಂಟು ಹಿಡಿದು ವ್ಯಾನಿನ ಹಲಗೆಯ ಮೇಲೆ ಹೋಗಿ ಕೂತಳು. “ಹಗಲೊತ್ತಲ್ಲಿ ದೀಪ ಯಾಕೋ ಬೇಕು? ನಡಿ.” ಕೊನೆಗೂ ಸಾಬರನ್ನು ಕರೆತಂದೆ. ಅವರು ಹಳೇ ಬ್ಯಾಟರಿಯನ್ನೇ ಇಟ್ಟು ಎಂಜಿನ್ನಿನ ತಂತಿಗಳನ್ನಷ್ಟೇ ಅರ್ಧ ಗಂಟೆಯಲ್ಲಿ ಸರಿಮಾಡಿದರು. ಹಾರನ್ ಇರಲಿಲ್ಲ. ದೊಡ್ಡಬಳ್ಳಾಪುರದ ಸಂತೆಯ ದನಗಳ ನಡುವೆ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ “ಹೋಯ್, ಹೋಯ್” ಎಂದು ಕೂಗುತ್ತಾ ಓಡಿಸಿದೆ.

ಗೌರಿಬಿದನೂರಿನಲ್ಲಿ ಬಾಗಿಲಲ್ಲೇ ಸೊಸೆ ಹೇಳಿದಳು: “ಸೋಮ್ವಾರದವರೆಗೂ ಮಾತಾಡ್ತಿದ್ರು ಭಾವ. ತಂಗಿ ಬಂದ್ಲಾ ಅಂತ ದಿನಾ ಕೇಳೋರು. ಈಗ ಮಾತು ನಿಂತೋಗಿದೆ.”

ನನಗೆ ನೆಲ ಬಿರಿಯಬಾರದೇ ಎನಿಸಿತು. ಅಮ್ಮ ಒಳಗೆ ಹೋಗಿ ಅಕ್ಕನ ಪಕ್ಕ ಕೂತು ಕೈ ಹಿಡಿದುಕೊಂಡಳು. ದೊಡ್ಡಮ್ಮ ಕಣ್ಣು ಬಿಟ್ಟು ನೋಡಿದಳು, ತುಟಿ ಅಲುಗಲಿಲ್ಲ. “ಊಟ ಆಯ್ತೇನೆ ಅಕ್ಕ?” ಎಂದು ಅಮ್ಮ ಕೇಳಿ, ಸ್ವಲ್ಪ ಕಾದು, “ಆಯ್ತು ಕಣೆ, ನಿಂದಾಯ್ತಾ?” ಎಂದು ತಾನೇ ಅಕ್ಕನ ಪರವಾಗಿ ಹೇಳಿದಳು. ಮಧ್ಯಾಹ್ನವೆಲ್ಲ ಇಬ್ಬರ ಮಾತನ್ನೂ ಅವಳೊಬ್ಬಳೇ ಆಡಿದಳು. ನಾನು ಹೊಸಿಲಲ್ಲಿ ಕೂತು ಕೇಳುತ್ತಿದ್ದೆ.

“ಯಾಕೆ ಇಷ್ಟು ತಡ ಮಾಡ್ದೆ?” ಎಂದು ಅಕ್ಕನಾಗಿ ಒಮ್ಮೆ ಗದರಿದಳು.

ನಾನು ತಲೆ ತಗ್ಗಿಸಿದೆ.

“ನಂಗೇ ಸೊಂಟ ನೋವಿತ್ತು ಕಣಕ್ಕ” ಎಂದಳು ಅಮ್ಮ.