ಜುವಾಕಿಂ ಕೆತ್ತಿದ ಹಿಮನದಿ

ಮಂಜುಗಡ್ಡೆ ಕೆತ್ತುವವನಿಗೆ ಮುಪ್ಪಿನಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ. ಅಬುಧಾಬಿಯ ದೊಡ್ಡ ಹೋಟೆಲೊಂದರ ಐಸ್ ರೂಮಿನಲ್ಲಿ ಜುವಾಕಿಂ ಇಪ್ಪತ್ತು ವರ್ಷ ಹಂಸ ಕೆತ್ತಿದ, ಗಿಡುಗ ಕೆತ್ತಿದ, ಯಾರ್ಯಾರದೋ ಮದುವೆಗೆ ಹೆಸರಿನ ಅಕ್ಷರ ಕೆತ್ತಿದ. ಎಲ್ಲವೂ ಊಟ ಮುಗಿಯುವುದರೊಳಗೆ ನೀರಾಗಿ ಮೋರಿ ಸೇರಿದವು. ಹೊರಗೆ ನೆಲ ಕಾದ ಕಾವಲಿಯಂತಿರುವಾಗ ಉಣ್ಣೆ ಟೊಪ್ಪಿ ಹಾಕಿಕೊಂಡು ದುಡಿಯುವ ಈ ಬಂಟ್ವಾಳದ ಮನುಷ್ಯನನ್ನು ಅವನಿದ್ದ ಬನಿಯಾಸ್ ಬಡಾವಣೆಯ ನೆರೆಯವರು ‘ಐಸ್‌ಕ್ಯಾಂಡಿ’ ಎಂದು ಛೇಡಿಸುತ್ತಿದ್ದರು. ಅವನೂ ನಗುತ್ತಿದ್ದ.

2016 ಮುಗಿಯುವ ಹೊತ್ತಿಗೆ ಆ ನಗು ಕಡಿಮೆಯಾಗಿತ್ತು. ಬೇರೆ ಹೋಟೆಲುಗಳು ಮಂಜುಗಡ್ಡೆ ಬಿಟ್ಟು ಹೊಳೆಯುವ ಪ್ಲಾಸ್ಟಿಕ್ ಗೊಂಬೆಗಳನ್ನು ಇಡತೊಡಗಿದ್ದವು. ಔತಣಕೂಟಗಳ ಮ್ಯಾನೇಜರ್, ಉಡುಪಿ ಕಡೆಯ ಶಾಮಸುಂದರ, ಒಂದು ದಿನ ಕರೆದು ಹೇಳಿದ.

“ಜನವರಿಯಲ್ಲಿ ಹವಾಮಾನದ್ದೊಂದು ದೊಡ್ಡ ಸಮ್ಮೇಳನ ಉಂಟು ಮಾರಾಯ. ಸ್ಟೇಜಿನ ಪಕ್ಕ ಹಿಮನದಿ ಬೇಕಂತೆ, ಆಳೆತ್ತರದ್ದು. ಅದು ಚಂದ ಆದ್ರೆ ನಿನ್ನ ಐಸ್ ರೂಮ್ ಉಳೀತದೆ. ಇಲ್ಲದಿದ್ರೆ ಖಲಾಸ್, ನನ್ನ ಕೈಯಲ್ಲಿ ಎಂತದೂ ಇಲ್ಲ.”

ಐಸ್ ರೂಮ್ ಹೋದರೆ ಕೆಲಸ ಹೋಯಿತು. ಕೆಲಸ ಹೋದರೆ ಅವನದಷ್ಟೇ ಅಲ್ಲ, ಹೆಂಡತಿ ಲೂರ್ದ್ ಮತ್ತು ಮಗಳು ತಾನ್ಯಾಳ ವೀಸಾವೂ ಹೋಯಿತು. ತಾನ್ಯಾ ಇಲ್ಲಿಯೇ ಹುಟ್ಟಿದವಳು, ಆಗ ಹನ್ನೊಂದನೆಯ ತರಗತಿ. ಬಂಟ್ವಾಳ ಅವಳಿಗೆ ರಜೆಯಲ್ಲಿ ಹೋಗಿ ಸೊಳ್ಳೆ ಕಚ್ಚಿಸಿಕೊಂಡು ಬರುವ ಊರು, ಅಷ್ಟೇ. ಕೆಲಸ ಹೀಗೆ ತೂಗಾಡುತ್ತಿರುವುದನ್ನು ಅವನು ಅವಳಿಗೆ ಹೇಳಿರಲಿಲ್ಲ.

ಹಿಮನದಿ ಎಂದರೆ ಬಿಳಿ ಬೆಟ್ಟ ಎಂದುಕೊಂಡಿದ್ದ ಜುವಾಕಿಂ. ಭೂಗೋಳವೆಂದರೆ ಪ್ರಾಣ ಬಿಡುವ ಮಗಳು ಹಣೆ ಚಚ್ಚಿಕೊಂಡಳು.

“ನೋ ಪಪ್ಪಾ, ಇಟ್ ಮೂವ್ಸ್! ಹಿಮ ಬಿದ್ದು ಬಿದ್ದು, ಒತ್ತಿ ಗಡ್ಡೆ ಆಗ್ತದೆ, ತನ್ನ ಭಾರಕ್ಕೇ ಕೆಳಗೆ ಜಾರ್ತದೆ. ಜಾರುವಾಗ ಬೆಟ್ಟವನ್ನೇ ಉಜ್ಜಿ ಕಣಿವೆ ಮಾಡ್ತದೆ, ಕಲ್ಲುಮಣ್ಣು ಎಲ್ಲ ಹೊತ್ತುಕೊಂಡು ಬರ್ತದೆ. ಸೋ ಇಟ್ಸ್ ಡರ್ಟಿ. ಬಿಳಿ ಮಾಡ್ಬೇಡಿ, ಪ್ಲೀಸ್.”

ಅಲ್ಲಿ ವಾರದ ರಜೆಯಾದ ಶುಕ್ರವಾರ ಇಗರ್ಜಿಯಿಂದ ಬಂದ ಮೇಲೆ ಊಟದ ಮೇಜೇ ಅವರ ಪಾಠಶಾಲೆ. ತಟ್ಟೆಯಲ್ಲಿ ಅನ್ನ ಗುಡ್ಡೆ ಹಾಕಿ ತಾನ್ಯಾ ಹೇಳಿಕೊಡುವಳು: ಹಿಮ ಹೆಚ್ಚು ಬಿದ್ದು ಕಡಿಮೆ ಕರಗಿದರೆ ಹಿಮನದಿಯ ಮೂತಿ, ಅಂದರೆ ಕೆಳತುದಿ, ಮುಂದೆ ಬರುತ್ತದೆ, ಸೆಕೆ ಹೆಚ್ಚಿದರೆ ಹಿಂದೆ ಸರಿಯುತ್ತದೆ. ಸರಿಯುವಾಗ ಹೊತ್ತು ತಂದ ಕಲ್ಲನ್ನು ದಿಬ್ಬವಾಗಿ ಬಿಟ್ಟುಹೋಗುತ್ತದೆ. ದಿಬ್ಬದ ಹಿಂದೆ ಕರಗಿದ ನೀರು ಕೆರೆಯಾಗುತ್ತದೆ. ಸಡಿಲ ದಿಬ್ಬ ಒಂದು ದಿನ ಒಡೆದರೆ ಕೆಳಗಿನ ಊರುಗಳು ಕೊಚ್ಚಿಹೋಗುತ್ತವೆ. ತೆರವಾದ ಬೋಳು ನೆಲದಲ್ಲಿ ಮೊದಲು ಪಾಚಿ, ಆಮೇಲೆ ಹುಲ್ಲು. ಆದರೆ ಗಡ್ಡೆ ಪೂರ್ತಿ ಮುಗಿದರೆ ಬೇಸಿಗೆಯ ಹೊಳೆಯೇ ಇಲ್ಲ. ಅದನ್ನು ನಂಬಿದ ಮೀನಿಗೂ ಹೊಲಕ್ಕೂ ಗತಿಯಿಲ್ಲ. ಅನ್ನ ಆಟಕ್ಕಲ್ಲ ಎಂದು ಲೂರ್ದ್ ಗೊಣಗುವಳು. ಜುವಾಕಿಂಗೆ ಮಾತ್ರ ಸ್ವರ್ಗ ಮೂರೇ ಗೇಣು. ಅವನ ಕೆಲಸದ ಬಗ್ಗೆ ಮಗಳು ಮೊದಲ ಸಲ ಬಾಯಿ ಬಿಟ್ಟದ್ದೇ ಆಗ.

ಪದರ ಪದರವಾಗಿ ಜಲ್ಲಿ ಸೇರಿಸಿ ನೀರು ಹೆಪ್ಪುಗಟ್ಟಿಸಿದ. ಉಳಿಗಳು ಮೊಂಡಾದವು, ಮಣಿಕಟ್ಟು ಊದಿಕೊಂಡಿತು. ಸಮ್ಮೇಳನದ ದಿನ ಬಿರುಕು, ಮಣ್ಣಿನ ಗೆರೆ, ನೀಲಿ ಒಡಲಿನ ಆ ಹಿಮನದಿ ನಿಂತಾಗ ಜನ ಫೋಟೊಗೆ ಮುಗಿಬಿದ್ದರು. ಶಾಮಸುಂದರ ದೂರದಿಂದಲೇ ಹೆಬ್ಬೆರಳು ಎತ್ತಿದ. ಸದ್ಯ ಬದುಕಿಕೊಂಡೆ ಎಂದುಕೊಂಡ ಜುವಾಕಿಂ.

ಪ್ರಶ್ನೆ ಕೇಳಲು ಶಾಲೆಗಳಿಂದ ಆರಿಸಿ ಕರೆಸಿದ ಮಕ್ಕಳಲ್ಲಿ ತಾನ್ಯಾಳೂ ಇದ್ದಳು. ಮೈಕು ಹಿಡಿದು ಇಂಗ್ಲಿಷಿನಲ್ಲಿ ನೆಟ್ಟಗೆ ಕೇಳಿದಳು: ಹಿಮನದಿ ಕರಗುತ್ತಿದೆ ಎಂದು ಅಳುವುದಕ್ಕಾಗಿ ನೀವು ಮರುಭೂಮಿಯಲ್ಲಿ ವಾರಗಟ್ಟಲೆ ಫ್ರೀಜರ್ ಓಡಿಸಿ ಇನ್ನೊಂದನ್ನು ಮಾಡಿದ್ದೀರಿ, ಈಗ ಅದನ್ನೂ ಕರಗಿಸುತ್ತಿದ್ದೀರಿ. ನಾಚಿಕೆಯಾಗುವುದಿಲ್ಲವೇ?

ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಪರದೆಯ ಹಿಂದೆ ಕರಗಿ ಹರಿದ ನೀರು ಒರೆಸುತ್ತಿದ್ದ ಜುವಾಕಿಂ ಕೂಡ ತಟ್ಟಿದ, ಮಗಳ ಇಂಗ್ಲಿಷಿನ ಹೆಮ್ಮೆಗೆ. ಮಾತಿನ ಅರ್ಥ ಇಳಿಯಲು ಅವನಿಗೆ ತುಸು ಹೊತ್ತು ಬೇಕಾಯಿತು.

ಹೋಟೆಲಿನ ಯಜಮಾನ ಅಲ್ಲೇ ಎದ್ದು ಘೋಷಿಸಿಬಿಟ್ಟ: ಇನ್ನು ಮೇಲೆ ನಮ್ಮಲ್ಲಿ ಮಂಜುಗಡ್ಡೆ ಶಿಲ್ಪವಿಲ್ಲ! ಮತ್ತೆ ಚಪ್ಪಾಳೆ. ಆ ಸಭಾಂಗಣದ ಎಸಿಯನ್ನು ಯಾರೂ ಕಡಿಮೆ ಮಾಡಲಿಲ್ಲ. ರಾಶಿ ರಾಶಿ ಊಟ ಕಸಕ್ಕೆ ಹೋಗುವುದೂ ನಿಲ್ಲಲಿಲ್ಲ. ಒಬ್ಬ ಬಡಪಾಯಿಯ ಉಳಿ ಕಿತ್ತುಕೊಂಡು ಪುಣ್ಯ ಕಟ್ಟಿಕೊಳ್ಳುವುದು ಎಷ್ಟು ಸುಲಭ!

ಮರುವಾರ ಶಾಮಸುಂದರ ಅವನ ಮುಂದೆ ಎರಡು ಕಾಗದ ಇಟ್ಟ. ಒಂದು ವೀಸಾ ರದ್ದಿನದು. ಇನ್ನೊಂದು, ತಾನ್ಯಾಳ ಫೋಟೊವನ್ನು ಹೋಟೆಲಿನ ಹೊಸ ಜಾಹೀರಾತಿನಲ್ಲಿ ಹಾಕಲು ತಂದೆಯ ಒಪ್ಪಿಗೆ.

“ಇದು ನಿನ್ನ ಮಗಳು ಅಂತ ಮೇಲಿನವರಿಗೆ ಹೇಳಿದೆ. ಅಯ್ಯೋ ಪಾಪ ಅಂದ್ರು, ಅಷ್ಟೆ,” ಎಂದ, ತಲೆ ಎತ್ತದೆ.

ಮೊದಲನೆಯದಕ್ಕೆ ಸಹಿ ಹಾಕಿದ. ಎರಡನೆಯದನ್ನು ಮನೆಗೆ ತಂದು ಮಗಳ ಮುಂದಿಟ್ಟ.

“ನಾನು ಹೋಟೆಲಿಗೆ ಹೇಳಿದ್ದು ಪಪ್ಪಾ, ನಿಮಗಲ್ಲ,” ತಾನ್ಯಾ ಬಿಕ್ಕಿದಳು. “ವಾಸ್ ಐ ರಾಂಗ್?”

“ಇಲ್ಲ ಬಾಯೆ. ನೀನು ಹೇಳಿದ್ದು ಸರಿಯೇ.”

ಹೇಳಿದ್ದನ್ನು ಅವನು ನಂಬಿಯೂ ಇದ್ದ. ಲೂರ್ದ್ ಸೂಟ್‌ಕೇಸ್ ಇಳಿಸಿ ಬಟ್ಟೆ ತುಂಬುತ್ತಿದ್ದಳು. ಪಪ್ಪ ತನ್ನ ತಲೆ ಸವರಲಿ ಎಂದು ಮಗಳು ಅವನ ಪಕ್ಕಕ್ಕೇ ಬಂದು ಕೂತಳು. ಆದರೂ ಅವನ ಕೈ ಮೇಲೇಳಲಿಲ್ಲ.